ಮಡಿವಾಳಪ್ಪನ ನಿಧನವಾರ್ತೆ

ಮಡಿವಾಳಪ್ಪನ ನಿಧನವಾರ್ತೆಯನ್ನು ಬರೆದು ಮುಗಿಸಿದಾಗ ಲಕ್ಷ್ಮೀನಾರಾಯಣನಿಗೆ ಎಷ್ಟೋ ತಿಂಗಳಿಂದ ಆಗದಿದ್ದ ಸಂತೋಷವಾಯಿತು. ಎರಡೂ ಕೈ ಉಜ್ಜಿಕೊಂಡ. ಮೇಲೆ ಅಡಿಗೆಮನೆಗೆ ಹೋಗಿ ಇನ್ನೊಂದು ಲೋಟ ಕಾಫಿ ಬೆರೆಸಿಕೊಂಡು ಬಂದು, ಬೇಸ್‌ಮೆಂಟಿನ ತನ್ನ ಮೇಜಿನ ಮುಂದೆ ಕೂತು, ಮೊದಲಿನಿಂದ ಕೊನೆಯವರೆಗೆ ಮತ್ತೊಮ್ಮೆ ಓದಿದ. ಒಂದು ಸಾಲು ಬಂದಾಗ ನಕ್ಕ. ಇನ್ನೊಂದು ಸಾಲಿಗೆ ಗಂಟಲು ಕಟ್ಟಿತು. ತಾನೇ ಬರೆದದ್ದಕ್ಕೆ ತಾನೇ ಗಂಟಲು ಕಟ್ಟಿಸಿಕೊಳ್ಳುವ ಭಾಗ್ಯ ಎಪ್ಪತ್ತರ ಹತ್ತಿರ ಬಂದ ಒಬ್ಬ ರಿಟೈರ್ಡ್ ಎಂಜಿನಿಯರನಿಗೆ ಸಿಕ್ಕಿತಲ್ಲ ಎಂದು ಕಾಫಿಯನ್ನು ಬಾಯಿಗಿಟ್ಟವನು ಹಾಗೆಯೇ ಕೆಳಗಿಟ್ಟ. ಯಾಕೆಂದರೆ ಮಡಿವಾಳಪ್ಪ ಸತ್ತಿರಲಿಲ್ಲ. ಅದೇ ಹೊತ್ತಿಗೆ ಕೆನಡಾದ ನ್ಯೂಮಾರ್ಕೆಟ್ಟಿನ ಆಸ್ಪತ್ರೆಯಲ್ಲಿ ಅವನ ಎದೆಯ ಮೂಳೆಯನ್ನು ಸೀಳಿ, ಕಾಲಿನಿಂದ ತೆಗೆದ ರಕ್ತನಾಳವನ್ನು ಹೃದಯಕ್ಕೆ ಹೊಲಿಯುತ್ತಿದ್ದರು. ಗೆಳೆಯ ಅಲ್ಲಿ ಅಂಗಾತ ಮಲಗಿರುವಾಗ ಇಲ್ಲಿ ಸ್ಟ್ರೀಟ್ಸ್‌ವಿಲ್ಲಿನಲ್ಲಿ ತಾನು ಅವನ ಮೇಲೆ ಬರೆದ ವಾಕ್ಯದಲ್ಲಿ ‘ಆದರೆ’ ಇರಬೇಕೋ ‘ಆದರೂ’ ಇರಬೇಕೋ ಎಂದು ಹದ ನೋಡುತ್ತಿದ್ದೇನೆ. ಇಂಥ ಮನುಷ್ಯನಿಗೆ ಏನೆನ್ನಬೇಕು? ಸ್ವಲ್ಪ ಹೊತ್ತು ಯೋಚಿಸಿ, ‘ಆದರೆ’ಯೇ ಇರಲಿ ಎಂದುಕೊಂಡ.

ತಪ್ಪು ಪೂರ್ತಿ ಅವನದೇ ಅಲ್ಲ. ಹಿಂದಿನ ಸಂಜೆ ಕನ್ನಡ ಸಂಘದ ಕಾರ್ಯದರ್ಶಿ ಪ್ರಜ್ಞಾ ಫೋನ್ ಮಾಡಿದ್ದಳು. ಉಡುಪಿಯ ಕಡೆಯ ಹುಡುಗಿ, ಬ್ಯಾಂಕಿನ ಕೆಲಸ, ಎರಡು ಸಣ್ಣ ಮಕ್ಕಳು, ಅದರ ಮೇಲೆ ಸಂಘ. "ಅಂಕಲ್, ಬೇಜಾರು ಮಾಡ್ಕೊಳ್ಬೇಡಿ. ದೀಪಾವಳಿ ಇಶ್ಯೂ ನಾಡಿದ್ದು ಪ್ರಿಂಟಿಗೆ ಹೋಗ್ತದೆ. ಮಡಿವಾಳಪ್ಪ ಅಂಕಲ್‌ಗೆ ಎಂತದೂ ಆಗುದಿಲ್ಲ, ದೇವರಿದ್ದಾನೆ. ಆದ್ರೂ ಜಸ್ಟ್ ಇನ್ ಕೇಸ್, ಒಂದು ಪ್ಯಾರಾ ರೆಡಿ ಇದ್ರೆ..." ಎಂದು ರಾಗ ಎಳೆದಿದ್ದಳು. ಛೆ, ಛೆ, ಇದೇನಮ್ಮ ಹೀಗಂತೀಯ ಎಂದು ಗದರಬೇಕಾಗಿತ್ತು. ಅದರ ಬದಲು ಅವನ ಬಾಯಿಂದ ಬಂದದ್ದು: "ಎಷ್ಟು ದೊಡ್ಡದಿರಬೇಕಮ್ಮ?"

ಅವಳು ಅವನನ್ನೇ ಕೇಳಿದ್ದಕ್ಕೂ ಕಾರಣವಿತ್ತು. ರಿಟೈರಾದ ಮೇಲೆ ಅವನು ಹಿಡಿದ ಹುಚ್ಚು ಸಂಘದವರಿಗೆಲ್ಲ ಗೊತ್ತಿತ್ತು. ಬೇರೆಯವರು ಗಾಲ್ಫಿಗೆ ಹೋದರು, ಫ್ಲಾರಿಡಾಕ್ಕೆ ಹೋದರು. ಇವನು ಅಯೋವಾದ ಒಂದು ಕೌಂಟಿಗೆ ಹೋದ, ಅದೂ ಬೇಸ್‌ಮೆಂಟಿನಲ್ಲಿ ಕೂತು. ಆಫೀಸಿನ ಹಳೆಯ ಸಹೋದ್ಯೋಗಿಯೊಬ್ಬಳ ಅಜ್ಜಿಯ ಊರು ಅದು. ಅಲ್ಲಿಯ ಹಳೆಯ ವಾರಪತ್ರಿಕೆಗಳ ನಿಧನವಾರ್ತೆಗಳನ್ನೆಲ್ಲ ಯಾರೋ ಫೋಟೋ ತೆಗೆದು ಇಂಟರ್ನೆಟ್ಟಿನಲ್ಲಿ ಹಾಕಿದ್ದರು. ಮಸುಕಾದ ಆ ಅಕ್ಷರಗಳನ್ನು ನೋಡಿ ಟೈಪು ಮಾಡಿಕೊಡಲು ಸ್ವಯಂಸೇವಕರು ಬೇಕಾಗಿದ್ದರು. ಒಂದು ವಾರ ಸಹಾಯ ಮಾಡೋಣವೆಂದು ಕೂತವನು ಮೂರು ವರ್ಷದಿಂದ ಎದ್ದಿರಲಿಲ್ಲ. ಜೋಳದ ಹೊಲಗಳ ನಡುವೆ ಬದುಕಿ ನೂರು ವರ್ಷದ ಹಿಂದೆ ಸತ್ತ ಆ ಜನ ಈಗ ಅವನಿಗೆ ಮನೆಯ ಹತ್ತಿರದ ಕ್ವೀನ್ ಸ್ಟ್ರೀಟಿನ ಅಂಗಡಿಯವರಿಗಿಂತ ಹೆಚ್ಚು ಪರಿಚಿತರು. ಮಿಸೆಸ್ ಆಲ್ಮಿರಾ ಟಟಲ್ ಎಂಬಾಕೆ ಕೊನೆಯ ಕಾಲದಲ್ಲಿ ಪೂರ್ತಿ ಕಿವುಡಿಯಾಗಿದ್ದರೂ ಊರಿನ ಒಂದು ಸುದ್ದಿಯೂ ಆಕೆಯ ಕೈ ತಪ್ಪಿ ಹೋಗಲಿಲ್ಲ ಎಂದು ಪತ್ರಿಕೆ ಬರೆದಿತ್ತು. ಪೀಟರ್ ಹೋಮ್‌ಕ್ವಿಸ್ಟನಿಗೆ ದುಡಿಮೆಯಲ್ಲಿ ಅಷ್ಟು ಆಸ್ಥೆ ಇರಲಿಲ್ಲ, ಆದರೆ ಅವನ ಪಿಟೀಲಿಗೆ ಕುಣಿಯದ ಹುಡುಗಿ ಆ ಕೌಂಟಿಯಲ್ಲಿ ಇರಲಿಲ್ಲ. ಬೇಲಿಯ ಜಗಳದಲ್ಲಿ ಅರ್ಧ ಆಯುಷ್ಯ ಮಾತು ಬಿಟ್ಟಿದ್ದ ಇಬ್ಬರಲ್ಲಿ ಒಬ್ಬ ಸತ್ತಾಗ ಇನ್ನೊಬ್ಬ ಹೆಗಲು ಕೊಟ್ಟ, ಆಮೇಲೆ ಹೋಗಿ ಬೇಲಿಯನ್ನು ತಾನೇ ಕಿತ್ತುಹಾಕಿದ. ಓದುತ್ತ ಓದುತ್ತ ಲಕ್ಷ್ಮೀನಾರಾಯಣ ಒಬ್ಬನೇ ನಗುತ್ತಿದ್ದ. ಮೇಲಿನಿಂದ ಹೆಂಡತಿ ಶಾರದಮ್ಮ, "ಯಾರ್ರೀ ಹೋಗಿದ್ದು ಇವತ್ತು?" ಎಂದು ಕೂಗುತ್ತಿದ್ದಳು. ಊಟದ ಹೊತ್ತಿಗೆ ಅವಳಿಗೂ ಆಲ್ಮಿರಾಳ ಕಥೆ ಬೇಕು.

ಸಂಘದ ಪತ್ರಿಕೆಯ ನಿಧನವಾರ್ತೆಗಳೋ! ಸತ್ತವರೆಲ್ಲ ಸದಾ ಹಸನ್ಮುಖಿಗಳು, ಸರಳ ಸಜ್ಜನಿಕೆಯ ಸಾಕಾರಮೂರ್ತಿಗಳು, ಕನ್ನಡಮ್ಮನ ಹೆಮ್ಮೆಯ ಪುತ್ರರು. ಹೋದ ವರ್ಷ ಸತ್ತ ಒಬ್ಬರ ಬಾಯಲ್ಲಿ ನಗು ಕಂಡವರೇ ಯಾರೂ ಇರಲಿಲ್ಲ, ಅವರೂ ಹಸನ್ಮುಖಿ. ತನ್ನದೂ ಹಾಗೆಯೇ ಬರುತ್ತದೆ ಎಂಬುದು ಅವನಿಗೆ ಆಗಾಗ ಹೊಳೆದು ಬೆವರಿಸುತ್ತಿತ್ತು. ಬದುಕಿಡೀ ಯಾರ ತಂಟೆಗೂ ಹೋಗದೆ, ಯಾರಿಗೂ ಎದುರಾಡದೆ, ಕೊನೆಗೆ ಒಂದು ಹಸನ್ಮುಖಿಯಾಗಿ ಮುಗಿದುಹೋಗುವುದು. ಮಡಿವಾಳಪ್ಪನಿಗಾದರೂ ಹಾಗಾಗಕೂಡದು ಎಂದೇ ಅವನು ಬೆಳಿಗ್ಗೆ ಕೂತು ಅಯೋವಾದವರ ಹಾಗೆ, ಇದ್ದದ್ದನ್ನು ಇದ್ದ ಹಾಗೆ ಬರೆದದ್ದು. ಬರೆದದ್ದನ್ನು ಒಂದು ದಿನ ಇಟ್ಟುಕೊಳ್ಳಬಹುದಾಗಿತ್ತು. ಆದರೆ ಯಾರಿಗಾದರೂ ತೋರಿಸಬೇಕೆಂಬ ಆಸೆ ತಡೆಯಲಾಗದೆ ಆಗಲೇ ಪ್ರಜ್ಞಾಳಿಗೆ ಇ-ಮೇಲ್ ಮಾಡಿಬಿಟ್ಟ.

ಮಧ್ಯಾಹ್ನ ಶಾರದಮ್ಮ ಮೆಟ್ಟಿಲ ಮೇಲಿಂದಲೇ ಕೂಗಿ ಹೇಳಿದಳು: ಆಪರೇಷನ್ ಚೆನ್ನಾಗಿ ಆಯಿತಂತೆ, ಭಯವೇನೂ ಇಲ್ಲವಂತೆ. "ಅಯ್ಯಪ್ಪ, ಸದ್ಯ" ಎಂದು ಅವನೂ ಜೋರಾಗಿ ಕೂಗಿದ. ಎದೆ ಹಗುರಾಯಿತು. ಹಗುರಾದ ಎದೆಯ ಯಾವುದೋ ಮೂಲೆಯಲ್ಲಿ, ಅಷ್ಟು ಚೆನ್ನಾಗಿ ಬಂದಿದ್ದ ಆ ಪ್ಯಾರಾ ಇನ್ನು ದಂಡವಾಯಿತಲ್ಲ ಎಂಬ ಸಣ್ಣ ನಿರಾಶೆಯೊಂದು ಇಲಿಯ ಹಾಗೆ ಓಡಿಹೋದದ್ದನ್ನು ಅವನು ಸ್ಪಷ್ಟವಾಗಿ ಕಂಡ. ಹಿಡಿಯುವುದರೊಳಗೆ ಬಿಲ ಸೇರಿತ್ತು. ಕಂಡದ್ದು ಮಾತ್ರ ಕಂಡದ್ದೇ. ಆ ಸಂಜೆ ದೇವರ ಮುಂದೆ ದೀಪ ಹಚ್ಚಿದ ಹೆಂಡತಿಯ ಪಕ್ಕದಲ್ಲಿ ನಿಂತು ಅವನು ಎಂದಿಗಿಂತ ಹೆಚ್ಚು ಹೊತ್ತು ಕಣ್ಣು ಮುಚ್ಚಿಕೊಂಡ.

ಆ ವಾರದ ಕೊನೆಗೆ ಫೋನ್ ಬಂತು. ಮಡಿವಾಳಪ್ಪನ ಹೆಂಡತಿ ಚನ್ನಬಸವ್ವ. "ಆಪರೇಷನ್ ದಿನಾ ಪ್ರಜ್ಞಾ ಫೋನ್ ಮಾಡಿದ್ಲುರೀ. ನಾವು ಕೆನಡಾಕ್ಕ ಬಂದಿದ್ದು ಯಾವ ಇಸವಿ ಅಂತ ಕೇಳಿದ್ಲು. ಯಾಕವ್ವಾ ಅಂತಂದ್ರ, ಗಡಬಡಿಸಿ ಎಲ್ಲಾ ಹೇಳಿಬಿಟ್ಲು. ನೀವು ನಮ್ಮವರ ಮ್ಯಾಲ ಅದೇನೋ ಬರದೀರಂತಲ್ಲ." ಲಕ್ಷ್ಮೀನಾರಾಯಣ ತಡವರಿಸಿದ: "ಅದೂ... ಏನಂದ್ರೆ..." "ಅವರಿಗೂ ಹೇಳೀನಿ. ನಾಳೆ ದವಾಖಾನಿಗೆ ಬರ್ರಿ. ಬರೂಮುಂದ ಅದನ್ನ ತಗೊಂಡು ಬರ್ರಿ." ಅಷ್ಟೇ. ಸಿಟ್ಟಾಗಿದ್ದಳೋ, ಅತ್ತಿದ್ದಳೋ, ದನಿಯಲ್ಲಿ ಏನೂ ತಿಳಿಯಲಿಲ್ಲ. ಫೋನಿನಲ್ಲಿ ಆಕೆ ಯಾವಾಗಲೂ ಹಾಗೆಯೇ, ತಂತಿ ಕೊಟ್ಟ ಹಾಗೆ ಮಾತಾಡುತ್ತಾಳೆ.

ಮರುದಿನ ನಾನೂರ ನಾಲ್ಕನೇ ನಂಬರಿನ ಹೈವೇಯಲ್ಲಿ ಉತ್ತರಕ್ಕೆ ಕಾರು ಓಡಿಸುತ್ತಿದ್ದಾಗ ಎರಡೂ ಬದಿಯ ಮರಗಳು ಕೆಂಪಾಗಿ ಹಳದಿಯಾಗಿ ಉರಿಯುತ್ತಿದ್ದವು. ಬಿಸಿಲು ಎಷ್ಟು ಚೆನ್ನಾಗಿತ್ತೆಂದರೆ ಅವನಿಗೆ ಸಿಟ್ಟು ಬಂತು. ಮಡಿಸಿದ ಕಾಗದ ಅಂಗಿಯ ಜೇಬಿನಲ್ಲಿ ಎದೆಗೆ ಚುಚ್ಚುತ್ತಿತ್ತು. ಶಾರದಮ್ಮ ತೊಡೆಯ ಮೇಲೆ ಉಪ್ಪು ಕಡಿಮೆ ಹಾಕಿದ ಉಪ್ಪಿಟ್ಟಿನ ಡಬ್ಬಿ ಇಟ್ಟುಕೊಂಡು, "ಬರೆದಿದ್ದೀರ, ಓದಿ. ಕದ್ದು ಬರೆದಿದ್ದೇನಲ್ಲವಲ್ಲ" ಎಂದಳು. ಕದ್ದೇ ಬರೆದದ್ದು ಎಂದು ಹೇಳಲು ಹೋಗಿ ಅವನು ಲೇನ್ ಬದಲಿಸಿದ. ಮಡಿವಾಳಪ್ಪ ಇನ್ನು ಮಾತು ಬಿಟ್ಟರೆ? ಬಿಡಲಿ, ಹಿಂದೆಯೂ ಬಿಟ್ಟಿದ್ದೆವಲ್ಲ. ಬಿಟ್ಟದ್ದು ತಾನು, ಅವನಿಗೆ ಬಿಟ್ಟದ್ದೂ ಗೊತ್ತಿರಲಿಲ್ಲವೇನೋ. ಕೆನಡಾಕ್ಕೆ ಬಂದ ಹೊಸತರಲ್ಲಿ, ರೆಕ್ಸ್‌ಡೇಲಿನ ಸಾಲುಮನೆಗಳಲ್ಲಿ ಆಗ ಅಕ್ಕಪಕ್ಕದ ಬಾಗಿಲು. ಅವನು ಡಾಕ್ಟರು, ತಾನು ಎಂಜಿನಿಯರಿಂಗ್ ಓದಿಯೂ ಕೆನಡಿಯನ್ ಎಕ್ಸ್‌ಪೀರಿಯನ್ಸ್ ಇಲ್ಲವೆಂದು ಬಿಸ್ಕತ್ ಫ್ಯಾಕ್ಟರಿಯ ಶಿಫ್ಟಲ್ಲಿ ನಿಂತು ಪೊಟ್ಟಣ ಕಟ್ಟುತ್ತಿದ್ದವನು. ಸಂಕ್ರಾಂತಿಯ ಊಟಕ್ಕೆ ಸೇರಿದ್ದ ಅಷ್ಟು ಜನರ ನಡುವೆ, ಒಟ್ಟಾವಾದಿಂದ ಬಂದಿದ್ದ ದೊಡ್ಡ ಮನುಷ್ಯರೊಬ್ಬರಿಗೆ ಮಡಿವಾಳಪ್ಪ ಲಕ್ಷ್ಮೀನಾರಾಯಣನ ಹೆಗಲ ಮೇಲೆ ಕೈಹಾಕಿ, "ಇವ್ರು ನಮ್ಮ ಬಿಸ್ಕತ್ ಎಂಜಿನಿಯರ್" ಎಂದು ಪರಿಚಯ ಮಾಡಿಕೊಟ್ಟ. ಎಲ್ಲರೂ ನಕ್ಕರು. ತಾನೂ ನಕ್ಕೆ. ಆ ನಗುವೇ ಆಮೇಲೆ ಹೆಚ್ಚು ಉರಿಸಿತು. ಲಕ್ಷ್ಮೀನಾರಾಯಣ ಮನೆಗೆ ಬಂದು, ಇನ್ನು ಅವನ ಮುಖ ನೋಡುವುದಿಲ್ಲವೆಂದು ಬಸುರಿ ಹೆಂಡತಿಯೆದುರು ಆಣೆ ಮಾಡಿದ. ಕೆಲವು ದಿನ ಮುಖ ನೋಡಲೂ ಇಲ್ಲ. ಆಮೇಲೆ ಹಿಮಪಾತವಾಯಿತು, ಮೊಣಕಾಲೆತ್ತರ. ಬೆಳಿಗ್ಗೆ ಬಾಗಿಲು ತೆಗೆದರೆ ಮೆಟ್ಟಿಲಿನಿಂದ ರಸ್ತೆಯವರೆಗೆ ಯಾರೋ ನೀಟಾಗಿ ಬಾಚಿ, ಜಾರದಿರಲೆಂದು ಉಪ್ಪು ಕೂಡ ಚೆಲ್ಲಿದ್ದರು. ಪಕ್ಕದ ಬಾಗಿಲಿನವರೆಗೆ ಹೆಜ್ಜೆ ಗುರುತುಗಳಿದ್ದವು. ಬಾಯಲ್ಲಿ ಹೇಳಲಾರದವನು ಸಲಿಕೆಯಲ್ಲಿ ಹೇಳಿದ್ದಾನೆ ಎಂದು ಅವನ ಕಣ್ಣು ತುಂಬಿತು. ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು ಹೋಗಿ ಪಕ್ಕದ ಬಾಗಿಲು ತಟ್ಟಿದ. ಮಡಿವಾಳಪ್ಪ ಲುಂಗಿಯಲ್ಲಿ ಬಂದು, ಆಕಳಿಸಿ, ಫ್ಲಾಸ್ಕು ಇಸಕೊಂಡ. "ಎಕ್ಸಿಟ್ ಬಂತು ಕಣ್ರೀ" ಎಂದಳು ಪಕ್ಕದ ಸೀಟಿನಿಂದ ಶಾರದಮ್ಮ.

ಮಡಿವಾಳಪ್ಪ ದಿಂಬುಗಳಿಗೆ ಒರಗಿ ಕೂತಿದ್ದ. ಮುಖ ಸಣ್ಣದಾಗಿತ್ತು, ಮೀಸೆ ಮಾತ್ರ ಹಾಗೇ ಇತ್ತು. ಎದೆಗೆ ಹೃದಯದ ಆಕಾರದ ಕೆಂಪು ದಿಂಬೊಂದನ್ನು ಅಪ್ಪಿಕೊಂಡಿದ್ದ. ಕೆಮ್ಮಿದಾಗ ಹೊಲಿಗೆ ನೋಯದಿರಲೆಂದು ಆಸ್ಪತ್ರೆಯವರೇ ಕೊಟ್ಟದ್ದು. ಜನ್ಮವಿಡೀ ಬೇರೆಯವರಿಗೆ ಅರಿವಳಿಕೆ ಕೊಟ್ಟವನು ಈಗ ಆ ದಿಂಬು ಹಿಡಿದು ಕೂತಿರುವುದನ್ನು ನೋಡಿ ಲಕ್ಷ್ಮೀನಾರಾಯಣನಿಗೆ ಎಲ್ಲಿ ದೃಷ್ಟಿ ಇಡಬೇಕೋ ತಿಳಿಯಲಿಲ್ಲ. ಚನ್ನಬಸವ್ವ ಕುರ್ಚಿ ಎಳೆದುಕೊಟ್ಟಳು.

"ಬಾರಪಾ ನಾರಾಣಾ," ಎಂದ ಮಡಿವಾಳಪ್ಪ. "ನಾ ಸತ್ತೀನಂತ?"

"ಇಲ್ಲ ಕಣೋ, ಅದು ಸುಮ್ನೆ, ಜಸ್ಟ್ ಇನ್ ಕೇಸ್ ಅಂತ..."

"ತಗಿ. ಓದು."

"ಬೇಡ ಬಿಡೋ. ಈಗ್ಯಾಕೆ."

"ನಂದು ನಾ ಕೇಳಬಾರದೇನು? ಎಲ್ಲಾರೂ ಕೇಳತಾರ, ನನ್ನ ಬಿಟ್ಟು. ಇದೆಲ್ಲಿ ನ್ಯಾಯ? ಓದಲೇ."

ಲಕ್ಷ್ಮೀನಾರಾಯಣ ಕಾಗದ ಬಿಡಿಸಿದ. ಶಾಲೆಯಲ್ಲಿ ಪಾಠ ಒಪ್ಪಿಸುವ ಹುಡುಗನ ದನಿಯಲ್ಲಿ ಶುರುಮಾಡಿದ. "ರೋಣದ ಡಾಕ್ಟರ್ ಮಡಿವಾಳಪ್ಪ ನ್ಯೂಮಾರ್ಕೆಟ್ಟಿನಲ್ಲಿ ತೀರಿಕೊಂಡ. ಮೊಂಡ ಮನುಷ್ಯ. ತಾನು ಸೋತ ಒಂದು ಇಸ್ಪೀಟಾಟವೂ ಅವನ ನೆನಪಿನಲ್ಲಿ ಇರುತ್ತಿರಲಿಲ್ಲ."

"ಸೋತಿದ್ರ ನೆನಪಿರತಿತ್ತು."

"ದೊಡ್ಡ ದನಿ. ಶ್ರುತಿಗೂ ಅದಕ್ಕೂ ಹಳೆಯ ವೈರ. ಆದರೆ ನಾಡಗೀತೆ ಹಾಡುವಾಗ ಮೈಕಿನ ಮುಂದೆ ಮೊದಲು ನಿಲ್ಲುತ್ತಿದ್ದವನು ಅವನೇ. ವೃತ್ತಿಯಲ್ಲಿ ಸಾವಿರಾರು ಜನರನ್ನು ಮಲಗಿಸಿದ, ಮಲಗಿಸಿದವರನ್ನೆಲ್ಲ ಜೋಪಾನವಾಗಿ ಎಬ್ಬಿಸಿದ. ಅವನ ಅಧ್ಯಕ್ಷ ಭಾಷಣದಲ್ಲಿ ಮಲಗಿದವರು ಮಾತ್ರ ತಾವಾಗಿಯೇ ಎದ್ದುಕೊಳ್ಳಬೇಕಾಗುತ್ತಿತ್ತು."

ಚನ್ನಬಸವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವಳ ಭುಜ ಕುಲುಕುತ್ತಿತ್ತು. ಅಳುತ್ತಿದ್ದಾಳೆಂದು ಅವನು ಗಾಬರಿಯಾಗಿ ನಿಲ್ಲಿಸಿದ. ಅವಳು ನಗುತ್ತಿದ್ದಳು. ಮಡಿವಾಳಪ್ಪ ಕೆಂಪು ದಿಂಬನ್ನು ಬಿಗಿಯಾಗಿ ಅಪ್ಪಿಕೊಂಡು, "ನಗಸಬ್ಯಾಡಲೇ, ಹೊಲಿಗಿ ಬಿಚ್ಚತಾವ. ಮುಂದ?" ಎಂದ. ದನಿಯಲ್ಲಿ ಮೆಚ್ಚುಗೆ ಇತ್ತು. ಲಕ್ಷ್ಮೀನಾರಾಯಣನಿಗೆ ಧೈರ್ಯ ಬಂತು. ಇನ್ನು ಬರುವುದೇ ಆ ಸಾಲು, ಗಂಟಲು ಕಟ್ಟಿಸಿದ ಸಾಲು. ನಿಧಾನವಾಗಿ, ತೂಕವಾಗಿ ಓದಿದ: "ಕ್ಷಮೆ ಕೇಳುವುದು ಅವನಿಗೆ ಬರುತ್ತಿರಲಿಲ್ಲ. ಆದರೆ ಅವನಿಂದ ನೊಂದವರ ಬಾಗಿಲ ಮುಂದೆ ಬೆಳಗಾಗುವುದರೊಳಗೆ ಹಿಮ ಬಾಚಿರುತ್ತಿತ್ತು."

ಮಡಿವಾಳಪ್ಪ ಹುಬ್ಬು ಗಂಟಿಕ್ಕಿ ಹೆಂಡತಿಯ ಕಡೆ ನೋಡಿದ. ಅವಳು ಉಪ್ಪಿಟ್ಟಿನ ಡಬ್ಬಿಯ ಮುಚ್ಚಳವನ್ನು ನೋಡುತ್ತಿದ್ದಳು.

"ಯಾವ ಹಿಮಾನೋ?"

"ರೆಕ್ಸ್‌ಡೇಲಲ್ಲಿ. ಆ ಸಂಕ್ರಾಂತಿ ಊಟ ಆದ್ಮೇಲೆ. ನನ್ನ ಮನೆ ಮುಂದೆ ನೀನು..."

"ನಾನಲ್ಲಪಾ. ನಾ ಅವತ್ತು ನೈಟ್ ಡ್ಯೂಟಿ ಮುಗಿಸಿ ಬಂದು ಹೆಣಧಂಗ ಮಲಗಿದ್ನಿ. ನೀ ಕಾಫಿ ತಂದು ಬಾಗಲಾ ಬಡದಿ. ಇಷ್ಟ್ ದಿನಾ ಮಾತಾಡಲಾರದಾಂವ ಇವತ್ತ್ಯಾಕ ಕಾಫಿ ತಂದಾನ ಅಂತ ನನಗ ತಿಳೀಲಿಲ್ಲ. ತಂದಾನ, ಕುಡಿಯೂಣು ಅಂತ ಕುಡದ್ನಿ."

ಚನ್ನಬಸವ್ವ ತಲೆ ಎತ್ತದೆ ಹೇಳಿದಳು: "ನಾ ಬಾಚಿದ್ನಿ. ಶಾರದವ್ವಗ ಎಂಟ್ ತಿಂಗಳಾಗಿತ್ತು. ನಿಮ್ಮಿಬ್ಬರ ಜಗಳದಾಗ ಆಕಿ ಜಾರಿ ಬಿದ್ದಿದ್ಲಂದ್ರ?"

ಲಕ್ಷ್ಮೀನಾರಾಯಣ ಹೆಂಡತಿಯ ಕಡೆ ತಿರುಗಿದ. ಅವಳ ಮುಖ ನೋಡಿದೊಡನೆ ಗೊತ್ತಾಯಿತು. "ನಿನಗೂ ಗೊತ್ತಿತ್ತಾ?"

"ಕಿಟಕೀಲಿ ನೋಡ್ದೆ. ನಿಮಗೆ ಹೇಳೋಣ ಅಂತಾನೇ ಇದ್ದೆ. ಅಷ್ಟ್ರಲ್ಲಿ ನೀವು ಫ್ಲಾಸ್ಕ್ ಹಿಡ್ಕೊಂಡು ಎಷ್ಟು ಖುಷಿಯಾಗಿ ಹೊರಟ್ರಿ ಅಂದ್ರೆ, ಯಾಕೆ ಕೆಡಿಸ್ಲಿ ಅಂತ ಸುಮ್ಮನಾದೆ."

ಮೂವತ್ತು ವರ್ಷ. ಒಟ್ಟಿಗೆ ನಯಾಗರಾಕ್ಕೆ ಹೋದದ್ದು, ಮಗಳ ಮದುವೆಯಲ್ಲಿ ಮಡಿವಾಳಪ್ಪ ಚಪ್ಪರದ ಕೆಳಗೆ ನಿಂತು ಎಲ್ಲರಿಗೂ ಹುಕುಂ ಮಾಡಿದ್ದು, ಸೋಲನ್ನು ಒಪ್ಪದ ಆ ಇಸ್ಪೀಟಿನ ಭಾನುವಾರಗಳು. ಎಲ್ಲವೂ ಅವನು ಎತ್ತದೇ ಇದ್ದ ಒಂದು ಸಲಿಕೆಯ ಮೇಲೆ ನಿಂತಿದ್ದವು. ಹಾಗಾದರೆ ಆ ಸಂಕ್ರಾಂತಿಯ ಸಿಟ್ಟು ಈಗಲೂ ತೀರದ ಸಿಟ್ಟು ತಾನೆ? ಅದನ್ನು ಹೊರಗೆ ತೆಗೆಯಬೇಕು, ಈಗಲೇ, ಇಷ್ಟು ತಡವಾಗಿಯಾದರೂ. ಲಕ್ಷ್ಮೀನಾರಾಯಣ ಪ್ರಾಮಾಣಿಕವಾಗಿ ಒಳಗೆ ಇಳಿದು ತಡಕಾಡಿದ. ಅಲ್ಲಿ ಏನೂ ಸಿಗಲಿಲ್ಲ. ತಪ್ಪು ವಿಳಾಸಕ್ಕೆ ಕೊಟ್ಟ ಕ್ಷಮೆಯೇ ಇರಬಹುದು, ಆದರೆ ಅದನ್ನು ಇಷ್ಟು ವರ್ಷ ಉಟ್ಟು ತೊಟ್ಟು ಸವೆಸಿಬಿಟ್ಟಿದ್ದರು. ಈಗ ವಾಪಸು ಇಸಕೊಂಡು ಮಾಡುವುದೇನು? ಅವನಿಗೆ ನಗು ಬಂತು. ಮೊದಲು ಮೂಗಿನಿಂದ ಬಂತು, ಆಮೇಲೆ ತಡೆಯಲಾಗಲಿಲ್ಲ. ಮಡಿವಾಳಪ್ಪನಿಗೂ ಬಂತು. ದಿಂಬು ಅಪ್ಪಿಕೊಂಡು, "ಅಯ್ಯೋ, ಅಯ್ಯೋ" ಎನ್ನುತ್ತ, ನೋವಿಗೆ ಕಣ್ಣಲ್ಲಿ ನೀರು ಸುರಿಸಿಕೊಂಡು ನಕ್ಕ. ಹೆಂಗಸರಿಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡಿದ್ದರು. ನರ್ಸ್ ಓಡಿ ಬಂದು, "ಡಾಕ್ಟರ್, ಹಗ್ ಯುವರ್ ಪಿಲ್ಲೋ!" ಎಂದು ಗದರಿದಳು. ಅತಿಥಿಗಳು ಹೆಚ್ಚಾದರು ಎಂದಳು. ಹೇಗೂ ಇದು ರೋಗಿ ನಡೆಯುವ ಹೊತ್ತು, ಒಬ್ಬರು ಜೊತೆಗೆ ಹೋಗಿ ಕಾರಿಡಾರಿನ ಕೊನೆಯವರೆಗೆ ನಡೆಸಿಕೊಂಡು ಬನ್ನಿ ಎಂದಳು.

ಲಕ್ಷ್ಮೀನಾರಾಯಣ ಎದ್ದ. ಏಳುವಾಗ ಚನ್ನಬಸವ್ವನ ಮುಂದೆ ನಿಂತು ಅವಳಿಗೆ ಕೈಮುಗಿದ. "ಏ, ಬಿಡ್ರಿ," ಎಂದಳು ಅವಳು, ನಾಚಿ. "ಉಪ್ಪು ನಿಮ್ಮದೇ ಇತ್ತು, ಬಾಗಲದಾಗ ಚೀಲ ಇಟ್ಟಿದ್ರಿ."

ಆಸ್ಪತ್ರೆಯ ಗೌನು ಹಿಂದಿನಿಂದ ತೆರೆದಿತ್ತು. ಮಡಿವಾಳಪ್ಪ ಒಂದು ಕೈಯಲ್ಲಿ ಸಲೈನಿನ ಕಂಬ, ಇನ್ನೊಂದರಲ್ಲಿ ದಿಂಬು ಹಿಡಿದಿದ್ದರಿಂದ ಬೆನ್ನ ಹಿಂದೆ ಆ ಎರಡು ಅಂಚುಗಳನ್ನು ಕೂಡಿಸಿ ಹಿಡಿಯುವ ಕೆಲಸ ಲಕ್ಷ್ಮೀನಾರಾಯಣನಿಗೆ ಬಂತು. ಎಡಗೈಯಲ್ಲಿ ಗಟ್ಟಿಯಾಗಿ ಹಿಡಿದ. ಹೀಗೆ ಇಬ್ಬರೂ ಮದುಮಗಳು ಮತ್ತು ಅವಳ ಸೆರಗು ಹಿಡಿದ ಗೆಳತಿಯ ಹಾಗೆ ಹೊರಟರು.

"ಸರಿಯಾಗಿ ಹಿಡಿ. ಮಾನ ನಿನ್ನ ಕೈಯಾಗ ಐತಿ."

"ಹಿಡಿದಿದ್ದೀನಿ, ನಡಿ."

ಕೆಲವು ಹೆಜ್ಜೆ ಹೋದ ಮೇಲೆ ಮಡಿವಾಳಪ್ಪ ನಿಂತು ಉಸಿರು ತೆಗೆದುಕೊಂಡ. ಮುಂದೆ ನೋಡುತ್ತಲೇ ಕೇಳಿದ: "ಆ ಹಿಮದ ಸಾಲು ಏನ್ ಮಾಡ್ತಿ?"

"ತೆಗೀಬೇಕು. ಅದು ಅವರದು."

"ಹೌದು, ಆಕೀದು. ಆ ಜಾಗಾದಾಗ ಏನ್ ಹಾಕ್ತಿ?"

"ಗೊತ್ತಿಲ್ಲ ಕಣೋ. ಮಡಿವಾಳಪ್ಪ ಕ್ಷಮೆ ಕೇಳುತ್ತಿರಲಿಲ್ಲ, ಅಂತ ಅಷ್ಟೇ ಉಳಿಯುತ್ತೆ. ಫುಲ್‌ಸ್ಟಾಪು."

ಮಡಿವಾಳಪ್ಪ ಮತ್ತೆ ನಡೆದ. ಗೌನಿನ ಅಂಚು ಹಿಡಿದಿದ್ದ ಕೈಗೆ ಅವನ ಉಸಿರಾಟ ತಾಗುತ್ತಿತ್ತು. ತೆರೆದ ಬಾಗಿಲುಗಳಿಂದ ಬೇರೆ ರೋಗಿಗಳು ಇವರತ್ತ ನೋಡಿದರು. ಒಬ್ಬ ಮುದುಕ ಕೈಯೆತ್ತಿದ. ಕಾರಿಡಾರಿನ ಕೊನೆಯ ಕಿಟಕಿಯ ಹತ್ತಿರ ಬಂದಾಗ ಮಡಿವಾಳಪ್ಪ ಗಾಜಿಗೆ ಹಣೆ ಹಚ್ಚಿ ನಿಂತ. ಕೆಳಗೆ ಪಾರ್ಕಿಂಗ್ ಲಾಟು, ಅದರಾಚೆ ಉರಿಯುವ ಮರಗಳು.

"ನಾರಾಣಾ," ಎಂದ. ಮುಂದೆ ಏನೋ ಬರಬೇಕಾಗಿತ್ತು. ಮೀಸೆ ಅಲುಗಿತು, ತುಟಿ ಅಲುಗಿತು, ಗಂಟಲು ಸರಿಮಾಡಿಕೊಂಡ. ಬರಲಿಲ್ಲ. ಲಕ್ಷ್ಮೀನಾರಾಯಣ ಕಾದ. ಕಾಯುತ್ತ, ಇದು ಬರದಿದ್ದರೂ ಆಗುತ್ತದೆ ಎಂದು ಅವನಿಗನ್ನಿಸಿತು. ಬರಲೆಂದು ಈ ಮನುಷ್ಯ ಇಷ್ಟು ಕಷ್ಟಪಡುತ್ತಿರುವುದೇ ಮಜವಾಗಿತ್ತು.

"ಆ ಸಾಲು ಖಾಲಿ ಬಿಡು," ಎಂದ ಮಡಿವಾಳಪ್ಪ ಕೊನೆಗೆ. "ಈಗಿನ್ನೂ ಹೊಸಾ ನಳಿಗಿ ಹಾಕ್ಯಾರ. ಟೈಮ್ ಐತಿ. ಏನಾರ ಮಾಡ್ತೀನಿ."

"ಬೇಗ ಮಾಡು. ನನಗೂ ವಯಸ್ಸಾಯ್ತು."

"ನೀ ಹೆದರಬ್ಯಾಡ. ನೀ ಮೊದಲ ಹೋದ್ರ ನಿಂದು ನಾ ಬರೀತೀನಿ."

"ಏನು ಬರೀತೀಯ?"

"ಹಿಂದಿನಿಂದ ಹಿಡದಾಂವ ಬಿಡಲಿಲ್ಲ ಅಂತ." ಎಂದು ಮಡಿವಾಳಪ್ಪ ಕಂಬವನ್ನು ತಿರುಗಿಸಿದ. ಕೋಣೆ ಬಹಳ ದೂರವಿತ್ತು. "ಬರೇ ನಡದ್ರ ಬ್ಯಾಸರ. ಆ ಭಾಷಣದ ಸಾಲು ಇನ್ನೊಮ್ಮೆ ಓದು. ಜೋರಾಗಿ ಓದು, ಆ ಮುದುಕಗೂ ಕೇಳಲಿ."

ಅವನಿಗೆಲ್ಲಿ ಕನ್ನಡ ಬರುತ್ತದೆ ಎನ್ನಹೋದ ಲಕ್ಷ್ಮೀನಾರಾಯಣ ಸುಮ್ಮನಾಗಿ, ಎಡಗೈಯನ್ನು ಬಿಗಿಮಾಡಿಕೊಂಡು, ಬಲಗೈಯಲ್ಲಿ ಕಾಗದವನ್ನು ಕಣ್ಣಿನ ಎತ್ತರಕ್ಕೆ ಹಿಡಿದು, ಜೀವನದಲ್ಲಿ ಎಂದೂ ಅಷ್ಟು ದೊಡ್ಡ ದನಿ ತೆಗೆಯದಿದ್ದವನು, ಓದತೊಡಗಿದ.